ಕಾಣದ ಬೆಟ್ಟದ ಪ್ರಮಾಣವಿಚಾರ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು; ಇಲ್ಲದಿದ್ದರೆ ಎಲ್ಲಿ ಎದ್ದು ಹೋಗಬೇಕೆಂದು ತಿಳಿಯದೆ ಓದುಗ ಕೊನೆಯವರೆಗೂ ಕೂತುಬಿಡುತ್ತಾನೆ. ವಿಷಯ: ಪುಷ್ಯ ಮಳೆಯಲ್ಲಿ ಗೆಳೆಯರೊಡನೆ ಕುದುರೆಮುಖ ಹತ್ತುವುದು. ಅಧಿಕಾರಿ: ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಕಳಸದ ಬಸ್ಸು ಹತ್ತಿದವನು, ಮೊಣಕಾಲು ಇನ್ನೂ ಹೇಳಿದ ಮಾತು ಕೇಳುವವನು, ‘ಈ ಮಳೇಲಿ ಯಾಕೋ ಹೋಗ್ತೀಯ’ ಎಂಬ ತಾಯಿಯ ನಿಷೇಧವಾಕ್ಯವನ್ನು ಬರೀ ಅರ್ಥವಾದವೆಂದು ತಳ್ಳಿಹಾಕಿದವನು. ಸಂಬಂಧ: ಗೆಳೆತನ, ಅದೂ ಮೊದಲ ಏರು ಸಿಗುವವರೆಗೆ. ಪ್ರಯೋಜನ: ಹುಡುಕಲಾಗುತ್ತಿದೆ.

ಪಾತ್ರಗಳಿಗೆ ಹೊಸ ಹೆಸರಿಡುವ ಅಗತ್ಯ ಬೀಳಲಿಲ್ಲ. ನಮ್ಮ ಶಾಸ್ತ್ರಕಾರರು ಉದಾಹರಣೆ ಬೇಕಾದಾಗಲೆಲ್ಲ ದೇವದತ್ತ, ಯಜ್ಞದತ್ತ, ಚೈತ್ರ, ಮೈತ್ರರನ್ನೇ ಕರೆಯುತ್ತಾರೆ. ಶತಮಾನಗಟ್ಟಲೆ ಊರಿಗೆ ಹೋಗಿ, ಅನ್ನ ಬೇಯಿಸಿ, ಹಸು ಹೊಡೆದು ತಂದು ದಣಿದ ಈ ನಾಲ್ವರಿಗೆ ಒಂದು ವಾರಾಂತ್ಯದ ರಜೆ ಕೊಡಿಸಿದ ಶ್ರೇಯಸ್ಸು ಈ ಲೇಖಕನದು.

ಮೊದಲು ಪ್ರತ್ಯಕ್ಷ. ಇದೊಂದೇ ಪ್ರಮಾಣ ಸಾಕೆಂದವರು ಚಾರ್ವಾಕರು. ಅವರು ಜುಲೈನಲ್ಲಿ ಮಲೆನಾಡಿಗೆ ಬಂದಿರಲಾರರು. ಶಿಖರದ ಎತ್ತರ 1,894 ಮೀಟರ್. ಬೆಟ್ಟದ ಮೈತುಂಬ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು, ಕಾಡಿನಲ್ಲಿ ಸಿಂಗಳೀಕ. 1987ರಿಂದ ಇದೆಲ್ಲ ರಾಷ್ಟ್ರೀಯ ಉದ್ಯಾನ. ಇಷ್ಟೂ ಬೇರೆಯವರು ಹೇಳಿದ್ದು. ಕಣ್ಣಿಗೆ ಕಂಡದ್ದು ಮುಂದಿನವನ ಬೆನ್ನುಚೀಲ, ಅದರ ಮೇಲಿನ ನೀಲಿ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ತುದಿಯಿಂದ ಅವನ ಪ್ಯಾಂಟಿನೊಳಕ್ಕೆ ಒಂದೇ ಸಮನೆ ಇಳಿಯುವ ನೀರು. ಸಾಲಿನ ಕೊನೆಯಲ್ಲಿದ್ದ ಮೈತ್ರನಿಗೆ ನಮ್ಮೆಲ್ಲರ ಬೆನ್ನು ಕಾಣಬೇಕಿತ್ತು, ಒಂದೇ ಕಂಡಿತು. ಉಳಿದವರು ಇದ್ದಾರೆಂಬುದನ್ನು ಅವನು ಬೈಗುಳದಿಂದ ತಿಳಿದುಕೊಂಡ. ಎಲ್ಲರ ಮೈಮೇಲೂ ದುಬಾರಿ ಜಾಕೆಟ್ಟುಗಳು. ಹೊರಗಿನ ಮಳೆಯನ್ನು ತಡೆದು ಒಳಗೆ ಬೆವರಿನ ಮಳೆ ಸುರಿಸುವುದು ಇವುಗಳ ಲಕ್ಷಣ. ಕೆಳಗೆ ಗದ್ದೆಯಲ್ಲಿ ಗೊರಬು ಹೊದ್ದು ನಾಟಿ ಮಾಡುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನಕ್ಕದ್ದು ಯಾಕೆಂದು ಯಜ್ಞದತ್ತ ಕೇಳಿದ. ಭಾಷ್ಯದ ಅಗತ್ಯವಿಲ್ಲವೆಂದು ಬಿಟ್ಟಿದ್ದೇವೆ.

ಇನ್ನು ಅನುಮಾನ. ನ್ಯಾಯಶಾಸ್ತ್ರದ ಈ ಭಾಗ ನಿಂತಿರುವುದೇ ಒಂದು ಬೆಟ್ಟದ ಮೇಲೆ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ. ಅನ್ನಂಭಟ್ಟನ ತರ್ಕಸಂಗ್ರಹ ಹಿಡಿದು ಕೂತ ಯಾವ ವಿದ್ಯಾರ್ಥಿಯೂ ಇದರಿಂದ ತಪ್ಪಿಸಿಕೊಂಡದ್ದಿಲ್ಲ. ಆದರೆ ಇದು ಬೇಸಿಗೆಯ ಬೆಟ್ಟದ ತರ್ಕ. ಒಂಟಿಮರ ದಾಟಿದ ಮೇಲೆ ಎದುರಿನ ಏಣಿನಲ್ಲಿ ಬೂದು ಹೊಗೆ ಏಳುವುದು ಚೈತ್ರನಿಗೆ ಕಂಡಿತು. ಅಲ್ಲಿ ಬೆಂಕಿಯಿದೆ ಎಂದು ಪ್ರತಿಜ್ಞೆ ಮಾಡಿದ. ಬೆಂಕಿಯಿದ್ದಲ್ಲಿ ಚಹಾ ಇರುತ್ತದೆಂದು ಯಜ್ಞದತ್ತ ವ್ಯಾಪ್ತಿಯನ್ನು ಹಿಗ್ಗಿಸಿದ. ಚಹಾ ಇದ್ದಲ್ಲಿ ಮೆಣಸಿನಕಾಯಿ ಬಜ್ಜಿ ಇರದೆ ಹೋಗುವುದುಂಟೇ ಎಂದ ದೇವದತ್ತ. ಆ ಬಜ್ಜಿಯ ಹಿಂದೆ ಏದುಸಿರು ಬಿಡುತ್ತ ಎಲ್ಲರೂ ಹತ್ತಿದೆವು. ಅದು ಮಂಜು. ಹತ್ತಿರ ಹೋಗುವಷ್ಟರಲ್ಲಿ ಮುಂದಿನ ಏಣಿಗೆ ಸರಿದು ಅಲ್ಲಿ ಅಂಗಡಿ ತೆರೆದಿತ್ತು. ನೈಯಾಯಿಕರೇನೂ ದಡ್ಡರಲ್ಲ, ಆವಿಯನ್ನೋ ಮಂಜನ್ನೋ ಹೊಗೆಯೆಂದುಕೊಂಡರೆ ಹೇತುವೇ ಅಸಿದ್ಧವಾಗುತ್ತದೆಂದು ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಹಸಿವನ್ನು ಸೇರಿಸಲು ಮರೆತಿದ್ದಾರೆ.

ಇದಕ್ಕಿಂತ ದೊಡ್ಡ ಪೆಟ್ಟು ಮಡುವಿನ ಕಡೆಯಿಂದ ಬಿತ್ತು. ಬೆಂಕಿ ಇರಲಾರದ ಜಾಗಕ್ಕೆ ಶಾಸ್ತ್ರ ಕೊಡುವ ಉದಾಹರಣೆ ನೀರು ತುಂಬಿದ ಮಡು. ಬೆಟ್ಟ ಪಕ್ಷ, ಮಡು ವಿಪಕ್ಷ. ಇವೆರಡೂ ಬೇರೆಬೇರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಡೆಯುತ್ತದೆ. ಪುಷ್ಯದಲ್ಲಿ ಕುದುರೆಮುಖದ ಕಾಲುದಾರಿಯೇ ತೋಡು, ತೋಡೇ ಹಳ್ಳ, ಒಂದೊಂದು ಬೂಟೂ ಸ್ವತಂತ್ರ ಕೆರೆ. ಪಕ್ಷದಲ್ಲಿದ್ದದ್ದು ರಾತ್ರೋರಾತ್ರಿ ವಿಪಕ್ಷಕ್ಕೆ ಹೋಗುವುದನ್ನು ವಿಧಾನಸಭೆಯಲ್ಲಿ ಕಂಡವರುಂಟು. ಬೆಟ್ಟದಲ್ಲಿ ಕಂಡವರು ನಾವೇ ಮೊದಲಿಗರು.

ಉಪಮಾನಕ್ಕೆ ಹೆಚ್ಚು ಕಾಗದ ಬೇಡ. ಹಸುವಿನಂತಿರುವುದು ಗವಯ ಎಂದು ಕೇಳಿದ್ದವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ. ಕುದುರೆಯ ಮುಖದಂತಿರುವುದು ಶಿಖರ ಎಂದು ಕೇಳಿದ್ದ ದೇವದತ್ತ ದಾರಿಯ ಪ್ರತಿ ಬಂಡೆಯನ್ನೂ ಶಿಖರವೆಂದು ಗುರುತಿಸಿ ಅಲ್ಲೇ ಕೂತುಕೊಳ್ಳುತ್ತಿದ್ದ.

ಭ್ರಮೆಯ ಪ್ರಕರಣ ಮಾತ್ರ ವಿಸ್ತಾರವಾದದ್ದು. ವೇದಾಂತದ ಹಗ್ಗ ಮಬ್ಬಿನಲ್ಲಿ ಹಾವಾಗಿ ಕಾಣುತ್ತದೆ, ದೀಪ ಹಿಡಿದರೆ ಹಗ್ಗವೆಂದು ತಿಳಿದು ಭಯ ಹೋಗುತ್ತದೆ. ಇಲ್ಲಿ ತಿರುವುಮುರುವು: ಬೂಟಿನ ಲಾಡಿಯ ತುದಿಯೆಂದುಕೊಂಡದ್ದು ಬಗ್ಗಿ ನೋಡಿದರೆ ಇಂಬಳ. ಹುಲ್ಲೆಸಳಿನ ಮೇಲೆ ಬಾಲವೂರಿ ನಿಂತು, ದಾರದಷ್ಟು ತೆಳುವಾದ ಮೈಯನ್ನು ನೀಳವಾಗಿ ಎತ್ತಿ, ಉಸಿರು ಬಂದ ದಿಕ್ಕಿಗೆಲ್ಲ ತಲೆಯಾಡಿಸುತ್ತಿರುತ್ತದೆ. ಬೂಟಿಗೆ ಹತ್ತಿತೆಂದರೆ ಗೇಣು ಹಾಕುತ್ತ ಬಂದು ಕಾಲುಚೀಲದ ಹೆಣಿಗೆಯಲ್ಲಿ ನುಸುಳುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕುಡಿದು ದ್ರಾಕ್ಷಿಯಷ್ಟು ಊದಿ ತಾನಾಗಿ ಉದುರಿದ ಮೇಲೂ ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡದೆ ಗಾಯ ಒಸರುತ್ತಲೇ ಇರುತ್ತದೆ. ಸುಶ್ರುತ ಜಿಗಣೆಗಳಲ್ಲಿ ಹನ್ನೆರಡು ಬಗೆ ಎಣಿಸಿ, ಆರು ವಿಷದವು, ಆರು ನಿರ್ವಿಷ ಎಂದ. ನಮ್ಮ ತಂಡ ಒಪ್ಪಿದ್ದು ಎರಡೇ ಬಗೆ: ಇನ್ನೊಬ್ಬನ ಕಾಲಿನದು, ಅದು ತಮಾಷೆ, ತನ್ನ ಕಾಲಿನದು, ಅದಕ್ಕೆ ಎಲ್ಲರೂ ನಿಲ್ಲಬೇಕು. ಚಿಕಿತ್ಸೆಯಲ್ಲಿ ಮತಭೇದ. ಚೈತ್ರ ಹೊಗೆಸೊಪ್ಪು ಮತ್ತು ಸುಣ್ಣದವನು, ಮೈತ್ರ ಉಪ್ಪಿನವನು. ಮೈತ್ರನ ಉಪ್ಪು ದಾರಿಯಲ್ಲೇ ಕರಗಿ ಬುತ್ತಿಯ ಚಪಾತಿಗೆ ಇಳಿದದ್ದರಿಂದ ಅವನ ಮತದ ಪರೀಕ್ಷೆ ಮಧ್ಯಾಹ್ನ ನಾಲಗೆಯ ಮೇಲೆ ನಡೆಯಿತು. ದಾರಿ ತೋರಿಸಲು ಬಂದ ಊರಿನವರು ರಬ್ಬರ್ ಚಪ್ಪಲಿಯಲ್ಲಿದ್ದರು. ಆಗಾಗ ನಿಂತು ಉಗುರಿನಿಂದ ಕಿತ್ತೆಸೆದು ಮುಂದೆ ನಡೆಯುತ್ತಿದ್ದರು. ಅವರಿಗೆ ಯಾವ ಮತವೂ ಇದ್ದಂತೆ ತೋರಲಿಲ್ಲ.

ಶಬ್ದಪ್ರಮಾಣಕ್ಕೂ ಅವರೇ ಆಧಾರ. ಇದ್ದದ್ದನ್ನು ಇದ್ದಂತೆ ಹೇಳುವವನು ಆಪ್ತ. ‘ಇನ್ನೆಷ್ಟು ದೂರ ಅಣ್ಣಾ?’ ಎಂದರೆ, ‘ಇಲ್ಲೇ ಮಾರಾಯ್ರೆ, ಇದೊಂದು ಏರು ಹತ್ತಿದ್ರೆ ಆಯ್ತು’ ಎಂದರು. ಹತ್ತಿದೆವು. ಕೇಳಿದೆವು. ‘ಇಲ್ಲೇ ಮಾರಾಯ್ರೆ, ಇದೊಂದು ಏರು.’ ಶಬ್ದ ನಿತ್ಯವೆಂದು ಮೀಮಾಂಸಕರು ಹಟ ಹಿಡಿಯುವುದರಲ್ಲಿ ಹುರುಳಿದೆ: ಬೆಳಗ್ಗೆ ಹೇಳಿದ ಮಾತು ಮಧ್ಯಾಹ್ನದವರೆಗೂ ಒಂದಕ್ಷರ ಸವೆಯಲಿಲ್ಲ. ಎದುರಿನಿಂದ ಇಳಿದು ಬಂದ ತಂಡವೊಂದು ‘ಮೇಲೆ ಏನೂ ಕಾಣಲ್ಲ ಸಾರ್, ಹೋಗ್ಬೇಡಿ’ ಎಂದಿತು. ದಾರಿಯಲ್ಲಿ ನಮಗೆ ಸಿಕ್ಕ ಏಕೈಕ ಯಥಾರ್ಥವಾಕ್ಯ ಅದು; ಆದ್ದರಿಂದಲೇ ಯಾರೂ ನಂಬಲಿಲ್ಲ.

ಸಂಜೆ ಮುಳ್ಳೋಡಿಯ ಹೋಂಸ್ಟೇಯಲ್ಲಿ ಕೊನೆಗೂ ನಿಜವಾದ ಹೊಗೆ ಸಿಕ್ಕಿತು, ಬಚ್ಚಲೊಲೆಯಲ್ಲಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಸೌದೆ ಸೇರಿದರೆ ಮಾತ್ರ ಎಂಬ ‘ಉಪಾಧಿ’ಯನ್ನು ತಾರ್ಕಿಕರು ಬಹಳ ಸೂಕ್ಷ್ಮವಾಗಿ ಚರ್ಚಿಸುತ್ತಾರೆ. ಅಲ್ಲಿ ಉಪಾಧಿ ಯಥೇಚ್ಛವಾಗಿತ್ತು, ಬೆಂಕಿಯೇ ಕಡಿಮೆ. ಒಲೆಯ ಮೇಲಿನ ತಂತಿಗೆ ಸಿಕ್ಕಿಸಿದ ನಮ್ಮ ಕಾಲುಚೀಲಗಳು ಹೊಗೆ ಹಿಡಿದವು, ಒಣಗಲಿಲ್ಲ.

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ; ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಇದು ಅರ್ಥಾಪತ್ತಿ. ಮೀಮಾಂಸಕರು ಇಷ್ಟು ಕಾಲದಿಂದ ಅವನ ಮೇಲೆ ಈ ಆಪಾದನೆ ಹೊರಿಸುತ್ತಿದ್ದರೂ ಒಬ್ಬರಾದರೂ ಹೋಗಿ ಅವನ ಚೀಲ ತಡಕಿದ್ದಿಲ್ಲ. ಮಧ್ಯಾಹ್ನ ಬಂಡೆಯ ಮರೆಯಲ್ಲಿ ಉಪ್ಪಿನ ಚಪಾತಿ ಹಂಚುವಾಗ ‘ನಂಗೆ ಹಸಿವಿಲ್ರೋ, ನೀವು ತಿನ್ನಿ’ ಎಂದು ಅವನು ಉದಾರಿಯಾಗಿದ್ದ. ರಾತ್ರಿ ಕರೆಂಟು ಹೋದ ಮೇಲೆ ಕಂಬಳಿಯೊಳಗಿಂದ ಕಟಂ ಎಂಬ ಸದ್ದು. ಯಜ್ಞದತ್ತ ಟಾರ್ಚು ಬಿಟ್ಟ. ಪದರ ಪದರವಾಗಿ ಪ್ಲಾಸ್ಟಿಕ್ ಸುತ್ತಿದ ಕೋಡುಬಳೆ! ಇಡೀ ತಂಡದ ಸಾಮಾನಿನಲ್ಲಿ ಒದ್ದೆಯಾಗದೆ ಉಳಿದ ವಸ್ತು ಅದೊಂದೇ. ಅರಣ್ಯ ಇಲಾಖೆಯ ಅನುಮತಿ ಚೀಟಿಗೂ ಅವನು ಆ ಗೌರವ ಕೊಟ್ಟಿರಲಿಲ್ಲ.

ಉಳಿದದ್ದು ಅನುಪಲಬ್ಧಿ. ಕಾಣಬಹುದಾಗಿದ್ದೂ ಕಾಣದಿದ್ದರೆ ಆ ವಸ್ತು ಇಲ್ಲವೆನ್ನಬಹುದು. ತುದಿಯಲ್ಲಿ ನಮಗೆ ಕಂಡದ್ದು ಬಿಳುಪು. ಆದರೆ ಅಲ್ಲಿ ಏನೂ ಕಾಣುವ ಯೋಗ್ಯತೆಯೇ ಇರಲಿಲ್ಲವಾದ್ದರಿಂದ ಶಿಖರ ಇಲ್ಲವೆನ್ನಲೂ ಬರುವುದಿಲ್ಲ. ಮುಂದೆ ಏರು ಇರಲಿಲ್ಲ, ಆದ್ದರಿಂದ ಅದೇ ತುದಿ ಎಂಬುದು ಚೈತ್ರನ ವಾದ. ಫೋಟೋ ನೋಡಿದ ಯಜ್ಞದತ್ತನ ಹೆಂಡತಿ ಪೂರ್ವಪಕ್ಷ ಎತ್ತಿದ್ದಾಳೆ: ಗೀಸರ್ ಹಾಕಿ ಬಾಗಿಲು ಮುಚ್ಚಿದರೆ ನಮ್ಮ ಬಚ್ಚಲಲ್ಲೂ ಹೀಗೇ ಬರುತ್ತಲ್ಲ? ಇದಕ್ಕೆ ಸಮಾಧಾನ ಹುಡುಕಲು ಇದೇ ತಂಡ ಮತ್ತೆ ಹೋಗುವುದೆಂದು ತೀರ್ಮಾನವಾಯಿತು. ಡಿಸೆಂಬರಿನಲ್ಲಿ ಹೋದರೆ ಎಲ್ಲ ನಿಚ್ಚಳವಾಗಿ ಕಾಣುತ್ತದೆಂದು ಮೈತ್ರ ಸೂಚಿಸಿದ. ಎಲ್ಲವೂ ಕಂಡರೆ ಪ್ರಮಾಣಶಾಸ್ತ್ರಕ್ಕೆ ಕೆಲಸವೇನೆಂದು ಸಭೆ ಅದನ್ನು ತಿರಸ್ಕರಿಸಿ, ಆಶ್ಲೇಷ ಮಳೆಗೆ ದಿನ ಗೊತ್ತುಮಾಡಿದೆ. ಕೋಡುಬಳೆ ಈ ಸಲ ಚೈತ್ರನ ಚೀಲದಲ್ಲಿರುತ್ತದೆ.