ಬುದ್ಧಿ ಹಲ್ಲಿನ ಅವಾಂತರ

ಜೇವರ್ಗಿಯಲ್ಲಿ ಹಲ್ಲುನೋವು ಬಂದವರಿಗೆ ಮೊದಲ ಶಿಕ್ಷೆ, ಕಡಕ್ ರೊಟ್ಟಿಯಿಂದ ಗಡಿಪಾರು. ಇಲ್ಲಿನ ಮಾಸ್ತರೊಬ್ಬರ ಗಲ್ಲ ಒಂದು ಮುಂಜಾನೆ ಊದಿಕೊಂಡಿತು. ಮಾಸ್ತರರು ಎಲೆಅಡಿಕೆ ಜಗಿಯುತ್ತಲೇ ಪಾಠ ಮಾಡುತ್ತಾರೆಂದು ಹುಡುಗರಿಗೆ ಗುಮಾನಿ. “ಲವಂಗ ಇಟ್ಕೊಳ್ರಿ ಸರ, ಮಾತೂ ಕಮ್ಮಿ ಆಗ್ತದ” ಎಂದರು ಹೆಡ್‌ಮಾಸ್ತರು. ಕಾಳಜಿ ಯಾವುದರ ಮೇಲಿತ್ತೋ!

ತಂಟೆ ಬುದ್ಧಿ ಹಲ್ಲಿನದು. ಅದು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ, ದವಡೆಯ ಜಾಗವೆಲ್ಲ ಭರ್ತಿಯಾದ ಮೇಲೆ ಹೊರಡುತ್ತದೆ. ಕೊನೆಯ ಬಸ್ಸು ಹತ್ತಿದವರಂತೆ ಪಕ್ಕದ ಹಲ್ಲಿನ ಮೇಲೆ ವಾಲುತ್ತದೆ. ಅರ್ಧ ಹೊರಗೆ, ಅರ್ಧ ವಸಡಿನೊಳಗೆ. ಆ ಸಂದಿಯಲ್ಲಿ ಅನ್ನದಗುಳು, ಶೇಂಗಾ ಹಿಂಡಿ ಸೇರಿ ಕೀವಾದರೆ ಬಾಯಿ ತೆರೆಯುವುದೂ ಕಷ್ಟ.

ಮಾಸ್ತರರು ಉಯಿಲು ಹೇಳುವ ಧಾಟಿಯಲ್ಲಿ ಮನೆಮಂದಿಗೆ ಸೂಚನೆ ಕೊಟ್ಟು ಕಲಬುರಗಿ ಸೇರಿದರು. ಡಾಕ್ಟರು ಮೊದಲು ಕೇಳಿದ್ದು ಎಕ್ಸ್‌ರೇ. ಮತ್ತೆ ಮತ್ತೆ ಕೀವು, ತುಂಬಲಾಗದ ಹುಳುಕು, ಪಕ್ಕದ ಹಲ್ಲಿಗೆ ಹಾನಿ, ದವಡೆಯಲ್ಲಿ ನೀರು ತುಂಬಿದ ಚೀಲ (ಸಿಸ್ಟ್) ಇದ್ದರೆ ಕೀಳಬೇಕು. ಸುಮ್ಮನಿರುವ ಹಲ್ಲನ್ನು ಸುಮ್ಮನೆ ಬಿಟ್ಟು, ಆಗಾಗ ತೋರಿಸಿದರಾಯಿತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ, ರೋಗವಿಲ್ಲದ ಬುದ್ಧಿ ಹಲ್ಲನ್ನು ಕೀಳಬೇಡಿ ಎಂದಿತ್ತು.

ಮಾಸ್ತರರದು ಸುಮ್ಮನಿರುವ ಜಾತಿಯದಲ್ಲ, ಕಿತ್ತರು. ಗಾಯದ ಹೆಪ್ಪು ಕದಲಬಾರದೆಂದು ಸ್ಟ್ರಾ, ತಂಬಾಕು, ಜೋರು ಮುಕ್ಕಳಿಕೆ ಎಲ್ಲಕ್ಕೂ ನಿಷೇಧ. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಮನೆಗೆ ಬಂದರು. ಆ ಸಂಜೆ ಹೆಂಡತಿ ಎಲ್ಲ ವಾದಗಳನ್ನೂ ಗೆದ್ದರು, ಹಳೆಯವನ್ನೂ ಸೇರಿಸಿ.