ಜ್ವರಕ್ಕೊಂದು ಹೆಸರು ಕೊಡಿ ಮಾರಾಯ್ರೆ

ಆಟಿ ತಿಂಗಳಲ್ಲಿ ಜ್ವರ ಹಿಡಿದು ಮಲಗಿದವನಿಗೆ ಬಂಟ್ವಾಳ ತಾಲೂಕಿನಲ್ಲಿ ವಿಶ್ರಾಂತಿ ಎಂಬುದು ಇಲ್ಲ. ನೋಡಲು ಬಂದವರೆಲ್ಲ ಒಂದೊಂದು ಕಾಯಿಲೆಯ ಹೆಸರು ಬಿಟ್ಟು, ಚಹಾ ಕುಡಿದು ಹೋಗುತ್ತಾರೆ. ಒಬ್ಬರಿಗೆ ಇಲಿಜ್ವರ, ಇನ್ನೊಬ್ಬರಿಗೆ ಡೆಂಗಿ. ದೊಡ್ಡಮ್ಮನ ಪ್ರಕಾರ ಎಲ್ಲಕ್ಕೂ ಮೂಲ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯದ್ದು. "ಕುಡಿದಿದ್ದೇನೆ ದೊಡ್ಡಮ್ಮ, ಮೇಲಿಂದ ಮೆಂತೆ ಗಂಜಿಯೂ ಉಂಡಿದ್ದೇನೆ" ಎಂದೆ. "ಹಾಗಾದ್ರೆ ಲೋಟ ಸಣ್ಣದಾಯ್ತು" ಎಂದರು.

ಬೆಳ್ತಂಗಡಿಯ ಮಾವ ಇನ್ನೂ ದೂರ ಹೋದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ 1982-83ರ ಹೊತ್ತಿಗೆ ಅವರ ತಾಲೂಕಿಗೂ ಬಂದಿತ್ತು. ಅದನ್ನು ಕಂಡವರಿಗೆ ಉಳಿದ ಜ್ವರವೆಲ್ಲ ಸಪ್ಪೆ. "ತೋಟದಲ್ಲಿ ಮಂಗ ಸತ್ತದ್ದು ಉಂಟಾ?" ಅದು ಚಳಿಗಾಲದಿಂದ ಬೇಸಿಗೆಯವರೆಗಿನ ಕಾಯಿಲೆ, ಮಳೆಗಾಲದ್ದಲ್ಲ ಮಾವ ಎಂದರೆ ಅವರಿಗೆ ನಿರಾಸೆ.

ಡಾಕ್ಟರ ಮೊದಲ ಉತ್ತರ "ವೈರಲ್". ಜ್ವರ ಇಳಿಯಲಿಲ್ಲ. ರಕ್ತ ಕೊಟ್ಟೆ: ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ವಿಡಾಲ್ "ಸ್ವಲ್ಪ" ಇದೆ. ಈ ವಿಡಾಲ್ 1896ರ ಪರೀಕ್ಷೆ. ಟೈಫಾಯ್ಡ್ ಇಲ್ಲದವನ ರಕ್ತದಲ್ಲೂ ಎಂದೋ ಆಗಿಹೋದ ಸೋಂಕಿನ ಗುರುತು ಹಿಡಿದು ತಲೆಯಾಡಿಸುವ ಚಾಳಿ ಅದಕ್ಕೆ. ಇಲಿಜ್ವರದ್ದು ನೋಡೋಣವೆಂದರೆ, ರಕ್ತದಲ್ಲಿ ಪ್ರತಿಕಾಯ ಕಾಣಿಸಿಕೊಳ್ಳಲು ಐದಾರು ದಿನ ಬೇಕು. ಬೇಗ ಹೋದರೆ ರೋಗ ಇದ್ದೂ ಇಲ್ಲ ಎನ್ನುತ್ತದೆ, ತಡವಾಗಿ ಹೋದರೆ ಡಾಕ್ಟರು "ಇಷ್ಟು ದಿನ ಎಲ್ಲಿದ್ರಿ?" ಎನ್ನುತ್ತಾರೆ.

ಇಲ್ಲಿಯವರು ಮೂಡುಬಿದಿರೆಗೆ ಬರೆದುಕೊಟ್ಟರು. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಚಳಿಗೆ ನಡುಗುತ್ತಾ, ಕಂಕುಳಲ್ಲಿ ಫೈಲು ಹಿಡಿದು ಹೋದೆ. ಕೌಂಟರಿನ ಹುಡುಗಿ ಫೈಲನ್ನು ತೆರೆಯದೆ ಪಕ್ಕಕ್ಕಿಟ್ಟಳು: "ಅಂಕಲ್, ಹೊರಗಿನ ರಿಪೋರ್ಟ್ ಇಲ್ಲಿ ಆಗುದಿಲ್ಲ." ಮತ್ತೆ ರಕ್ತ. ಅಲ್ಲಿನ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತಾರೆ. ನನ್ನ ರಿಪೋರ್ಟುಗಳೂ ಹಾಗೇ. ಪ್ಲೇಟ್‌ಲೆಟ್ ಕಡಿಮೆ, ಲಿವರಿನ ಲೆಕ್ಕ ಜಾಸ್ತಿ, ಹೆಸರು ಮಾತ್ರ ಇಲ್ಲ. ಹೊಸ ಡಾಕ್ಟರೆಂದರೆ ಹೊಸ ಪುರಾಣ: ಜ್ವರ ಯಾವಾಗ ಬಂತು, ಚಳಿ ಉಂಟಾ, ವಾಂತಿ ಉಂಟಾ? ನಾನು ಹೇಳುವುದು, ಅವರು ಕಂಪ್ಯೂಟರ್ ನೋಡುವುದು. ಎಲ್ಲರೂ ನನ್ನ ರಕ್ತವನ್ನು ಬಲ್ಲರು. ನನ್ನನ್ನು ನೋಡಿದವರಿಲ್ಲ.

ಕೊನೆಗೆ ಮಾವನ ಒತ್ತಾಯಕ್ಕೆ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಯ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಹೋದೆ. "ಅಂಗಿ ತೆಗೀರಿ" ಎಂದರು. ಕಂಕುಳು ನೋಡಿದರು, ಬೆನ್ನು ನೋಡಿದರು, ಉಡಿದಾರವನ್ನು ಬೆರಳಲ್ಲಿ ಸರಿಸಿದರು. ಅದರಡಿಯಲ್ಲಿ, ಸೊಂಟದ ಮಡಿಕೆಯಲ್ಲಿ, ಸುಟ್ಟ ಕಲೆಯಂಥ ಸಣ್ಣ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ನನಗೇ ಗೊತ್ತಿಲ್ಲ. "ತೋಟದಲ್ಲಿ ಹುಲ್ಲು ಕೊಯ್ದಿದ್ರಾ?" ಕೊಯ್ದಿದ್ದೆ. ಈ ಪ್ರಶ್ನೆ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ.

ಸ್ಕ್ರಬ್ ಟೈಫಸ್. ತೆಂಗಿನಕಾಯಿಯನ್ನು ಕೆಡಿಸುವ ನುಸಿ ಇದೆಯಲ್ಲ, ಅದರ ದೂರದ ನೆಂಟನೊಬ್ಬ ಹುಲ್ಲು ಪೊದೆಗಳಲ್ಲಿರುತ್ತಾನೆ. ಅವನ ಮರಿ ಕಚ್ಚಿದರೆ ಬರುವ ಜ್ವರ. ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ಆದರೆ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿಸಿದರು. ಎರಡು ದಿನದಲ್ಲಿ ಜ್ವರ ಬಿಟ್ಟಿತು. ಇಷ್ಟೆಲ್ಲ ಖರ್ಚಿನಲ್ಲಿ ಅತ್ಯಂತ ಅಗ್ಗದ ಬಿಲ್ಲು ಆ ಮಾತ್ರೆಯದ್ದೇ. ಮಾವ ಮಾತ್ರ "ನಾನು ಕಾಡಿನದ್ದೇ ಅಂತ ಹೇಳಿರಲಿಲ್ವಾ?" ಎಂದು ಊರೆಲ್ಲ ಹೇಳಿಕೊಂಡು ಬಂದರು.

ನೀವೂ ಮಳೆಗಾಲದಲ್ಲಿ ತೋಟಕ್ಕಿಳಿಯುವವರಾದರೆ, ಜ್ವರ ನಾಲ್ಕೈದು ದಿನ ದಾಟಿದಾಗ ಹಳೆಯ ರಿಪೋರ್ಟುಗಳ ಜೊತೆ ಹುಲ್ಲು ಕೊಯ್ದ ಸುದ್ದಿಯನ್ನೂ ಡಾಕ್ಟರು ಕೇಳದಿದ್ದರೂ ಹೇಳಿ. ಉಡಿದಾರದ ಅಡಿಯಲ್ಲಿ ಒಮ್ಮೆ ನೋಡಿಕೊಂಡೇ ಹೋಗಿ.