ಬೈಟು ದಾಂಪತ್ಯ

ಬೆಂಗಳೂರಿನ ಹೋಟೆಲುಗಳ ವ್ಯವಹಾರಭಾಷೆಯಲ್ಲಿ ‘ಬೈಟು’ ಎಂಬುದು ಒಂದು ಪಾರಿಭಾಷಿಕ ಪದ. ಒಂದನ್ನು ಎರಡರಿಂದ ಭಾಗಿಸುವ ಪ್ರಾಥಮಿಕ ಶಾಲೆಯ ಲೆಕ್ಕದಲ್ಲಿ ಹುಟ್ಟಿ, ಕೆಲಕಾಲ ‘ಒನ್ ಬೈ ಟೂ’ ಎಂಬ ಪೂರ್ಣರೂಪದಲ್ಲಿ ಬಾಳಿ, ಅನಂತರ ಮೊದಲಿನ ಅಂಕಿಯನ್ನೂ ಕೊನೆಯ ದೀರ್ಘವನ್ನೂ ಕಳೆದುಕೊಂಡು ವಿಭಕ್ತಿ ಪ್ರತ್ಯಯಗಳಿಗೆ ಸಲೀಸಾಗಿ ಒಗ್ಗಿಕೊಂಡಿರುವ ಈ ಪದಕ್ಕೆ, ಒಂದು ಕಾಫಿಯ ದುಡ್ಡು ಕೊಟ್ಟು ಅದನ್ನು ಎರಡು ಲೋಟಗಳಲ್ಲಿ ಪಡೆಯುವ ಪದ್ಧತಿ ಎಂದು ಅರ್ಥ. ಚಹಾ, ಸೂಪು, ಗೋಬಿ ಮಂಚೂರಿಗಳವರೆಗೂ ಇದರ ವ್ಯಾಪ್ತಿ ಹಬ್ಬಿದೆಯಾದರೂ ಉದ್ದಿನ ವಡೆ ಮಾತ್ರ ಇದಕ್ಕೆ ಒಳಪಟ್ಟಿಲ್ಲ. ವಡೆಯನ್ನು ಪಾಲು ಮಾಡಿದರೆ ನಡುವಿನ ತೂತು ಯಾರ ಪಾಲಿಗೆ ಸೇರಬೇಕೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗದಿರುವುದು ಇದಕ್ಕೆ ಕಾರಣವಿರಬಹುದು. ಗೆಳೆಯರು, ಸಹೋದ್ಯೋಗಿಗಳು, ಸೈಟು ಮಾರುವವರು, ಕೊಳ್ಳುವವರು ಎಲ್ಲರೂ ಬೈಟು ಕುಡಿಯುತ್ತಾರೆ. ಪ್ರಸ್ತುತ ಪ್ರಬಂಧ ಗಂಡಹೆಂಡಿರ ಬೈಟುವಿಗೆ ಮಾತ್ರ ಸೀಮಿತವಾಗಿದೆ.

ಕಾಫಿಗೂ ದಾಂಪತ್ಯಕ್ಕೂ ಇರುವ ನಂಟನ್ನು ಹಿಂದಕ್ಕೆ ಹುಡುಕಿಕೊಂಡು ಹೊರಟವರಿಗೆ ಮೊದಲು ಎದುರಾಗುವುದು ಏಳು ಎಂಬ ಸಂಖ್ಯೆ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಗುಟ್ಟಾಗಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಾಫಿ ಬೀಜಗಳು ಏಳು ಎಂಬುದು ಐತಿಹ್ಯ. ವಧೂವರರು ಜೊತೆಯಾಗಿ ಇಡುವ ಹೆಜ್ಜೆಗಳೂ ಏಳು. ಸಪ್ತಪದಿಯೆಂಬ ಆ ವಿಧಿಯಲ್ಲಿ ಮೊದಲ ಹೆಜ್ಜೆಗಳು ಅನ್ನ, ಬಲ, ಸಂಪತ್ತು, ಸಂತಾನ ಮುಂತಾದ ಗೃಹಕೃತ್ಯದ ಬಾಬುಗಳಿಗೆ ಮೀಸಲಾಗಿದ್ದು, ಸ್ನೇಹ ಬರುವುದು ಕಟ್ಟಕಡೆಯ ಏಳನೆಯ ಹೆಜ್ಜೆಯಲ್ಲಿ. ಅಷ್ಟು ಹೊತ್ತಿಗೆ ಛಾಯಾಗ್ರಾಹಕರು ಊಟದ ಪಂಕ್ತಿಯ ಕಡೆ ಹೊರಟಿರುತ್ತಾರೆ. ಪುರೋಹಿತರೂ ವರದಕ್ಷಿಣೆಯೂ ಆಡಂಬರವೂ ಇಲ್ಲದೆ ವಧೂವರರು ಪ್ರತಿಜ್ಞೆ ಸ್ವೀಕರಿಸುವ ‘ಮಂತ್ರಮಾಂಗಲ್ಯ’ವೆಂಬ ಸರಳ ವಿವಾಹ ಪದ್ಧತಿಯನ್ನು ಕುವೆಂಪು ರೂಪಿಸಿದರು. 1966ರಲ್ಲಿ ಆ ಪದ್ಧತಿಯಂತೆ ಮದುವೆಯಾದ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ದಂಪತಿ ಬಾಳಿದ್ದು ಮೂಡಿಗೆರೆಯ ಕಾಫಿ ತೋಟದಲ್ಲಿ ಎಂಬುದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲು ಕಾಫಿಪ್ರಿಯ ಸಂಶೋಧಕರಿಗೆ ಮನಸ್ಸು ಬಾರದು.

ಸಮಕಾಲೀನ ನಗರದ ದಂಪತಿಗಳಲ್ಲಿ ಏಳನೆಯ ಹೆಜ್ಜೆಗೆ ಸಮಯ ಸಿಗುವುದು ಅಪರೂಪ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನೊಂದಿಗೆ ತೆರೆಯುವ ದಿನವು ಮಕ್ಕಳ ಟಿಫನ್ ಡಬ್ಬಿ, ಶಾಲೆಯ ವ್ಯಾನು, ಕೆಲಸದವಳ ರಜೆ, ನೀರಿನ ಟ್ಯಾಂಕರು ಎಂಬ ಘಟ್ಟಗಳನ್ನು ದಾಟಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಹಳ ಹೊತ್ತು ನಿಂತು, ರಾತ್ರಿ ಮೊಬೈಲ್ ಚಾರ್ಜಿಗೆ ಹಾಕುವುದರೊಂದಿಗೆ ಮುಗಿಯುತ್ತದೆ. ಒಂದು ಚಾರ್ಜರು, ಎರಡು ಮೊಬೈಲು ಇರುವ ಮನೆಗಳಲ್ಲಿ ಅಲ್ಲಿಯೂ ಒಂದು ಸಣ್ಣ ಬೈಟು ನಡೆಯುವುದುಂಟು. ಇವರ ನಡುವಿನ ವಾಟ್ಸಾಪ್ ಸಂವಾದವನ್ನು ಮುಂದೆಂದಾದರೂ ಶಾಸನತಜ್ಞರು ಓದಿದರೆ, ‘ಕೊತ್ತಂಬರಿ ಮರೀಬೇಡಿ’, ‘ಗ್ಯಾಸ್ ಬಂತಾ’, ‘ಲೇಟಾಗತ್ತೆ, ಊಟ ಮಾಡಿಬಿಡು’ ಎಂಬ ಸಾಲುಗಳನ್ನು ಕಂಡು, ಇದು ಯಾವುದೋ ಉಗ್ರಾಣದ ಅಧಿಕಾರಿಗಳಿಬ್ಬರ ಪತ್ರವ್ಯವಹಾರವೆಂದು ತೀರ್ಮಾನಿಸುವ ಸಂಭವವೇ ಹೆಚ್ಚು. ಪ್ರೀತಿಯ ವಿಷಯ ಅದರಲ್ಲಿ ಇಲ್ಲವೆಂದಲ್ಲ. ‘ಊಟ ಮಾಡಿಬಿಡು’ ಎಂಬುದರಲ್ಲಿ ಅದು ಸಾಕಷ್ಟಿದೆ, ಓದಿ ತೆಗೆಯಲು ತಜ್ಞರು ಬೇಕಾಗುತ್ತಾರೆ ಅಷ್ಟೆ.

ಈ ಕೊರತೆಯನ್ನು ನೀಗಿಸಲು ಮಾರುಕಟ್ಟೆ ಹಲವು ಉಪಾಯಗಳನ್ನು ಮುಂದಿಟ್ಟಿದೆ. ಅವುಗಳಲ್ಲಿ ರೆಸಾರ್ಟ್ ಎಂಬುದು, ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಹಳ್ಳಿಯನ್ನು ನೋಡುವುದಕ್ಕೆ ದುಡ್ಡು ಕೊಡುವ ಸ್ಥಳ. ಕೊಡಗಿಗೋ ಸಕಲೇಶಪುರಕ್ಕೋ ಅದಕ್ಕಾಗಿ ಹೊರಡುವ ದಂಪತಿ, ಬ್ಯಾಗಿನ ಗಾತ್ರ, ಹೊರಡುವ ಹೊತ್ತು ಮತ್ತು ದಾರಿ ಕೇಳಲು ಕಾರು ನಿಲ್ಲಿಸಬೇಕೇ ಎಂಬ ಮೂರು ವಿಷಯಗಳಲ್ಲಿ ಜಗಳವಾಡಿ, ನೆಲಮಂಗಲ ದಾಟುವಷ್ಟರಲ್ಲಿ ಮಾತು ಬಿಟ್ಟಿರುತ್ತಾರೆ. ಮೇಣದಬತ್ತಿಯ ಬೆಳಕಿನ ಊಟವಂತೂ, ಬೇಸಗೆಯಲ್ಲಿ ಕರೆಂಟು ಕೈಕೊಟ್ಟಾಗಲೆಲ್ಲ ಕೈಬೀಸಣಿಗೆ ಹಿಡಿದು ಉಂಡ ತಲೆಮಾರಿಗೆ ಯಾವ ರೋಮಾಂಚನವನ್ನೂ ತರಲಾರದು.

ಈ ಕೊರತೆಗೆ ಬೈಟುವೇ ಮದ್ದೆಂದರೆ, ಮನೆಯ ಕಾಫಿಯೇ ಸಾಲದೇ ಎಂಬ ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕಾಗುತ್ತದೆ. ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಪುಡಿ ಹಾಕಿ, ಅದರ ಮೇಲೆ ಬಿಲ್ಲೆಯನ್ನಿಟ್ಟು ಕುದಿನೀರು ಸುರಿದ ಮೇಲೆ, ತೂತುಗಳ ಮೂಲಕ ಹನಿಹನಿಯಾಗಿ ಇಳಿಯುವ ಕಷಾಯಕ್ಕೆ ಡಿಕಾಕ್ಷನ್ ಎಂದು ಹೆಸರು. ಮನೆಯಲ್ಲಿ ಅವಸರಪಡಿಸಲು ಬಾರದ ವಸ್ತು ಬಹುಶಃ ಇದೊಂದೇ. ತಲೆಯ ಮೇಲೆ ತಟ್ಟಿದರೆ ಅದು ಇನ್ನಷ್ಟು ನಿಧಾನಿಸುತ್ತದೆ. ಮೊದಲು ಇಳಿದದ್ದು ಗಟ್ಟಿ, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ್ದು ತೆಳು. ಹಿಂದಿನ ಮನೆಗಳಲ್ಲಿ ಮೊದಲನೆಯದು ಯಜಮಾನರಿಗೂ ಬಂದುಹೋಗುವವರಿಗೂ ಸಲ್ಲುತ್ತಿತ್ತು. ಎಲ್ಲರ ಊಟ ತಿಂಡಿ ಮುಗಿದ ಮೇಲೆ ಒಲೆಯ ಪಕ್ಕದಲ್ಲಿ ಕೂತು ಎರಡನೆಯದನ್ನು ಆರಿಸಿಕೊಂಡು ಕುಡಿಯುವುದು ಗೃಹಿಣಿಯ ಪಾಲಾಗಿತ್ತು. ಒಂದೇ ಫಿಲ್ಟರಿನ ಕಾಫಿಯನ್ನು ನಲವತ್ತು ವರ್ಷ ಕುಡಿದ ಗಂಡಹೆಂಡಿರಿಗೆ ತಾವು ಎರಡು ಬೇರೆ ಬೇರೆ ಕಾಫಿ ಕುಡಿದದ್ದು ತಿಳಿದೇ ಇರಲಿಲ್ಲವೆಂದರೆ, ಹೆಂಡಿರಿಗೆ ತಿಳಿದಿತ್ತು ಎಂದು ತಿದ್ದಿ ಓದಿಕೊಳ್ಳಬೇಕು.

ಬೈಟು ಈ ಅಂತರವನ್ನು ಒಂದೇ ಏಟಿಗೆ ಅಳಿಸಿತು, ಏಕೆಂದರೆ ಹೋಟೆಲಿನ ಒಂದೇ ಪಾತ್ರೆಯಿಂದ ಎರಡೂ ಲೋಟಗಳಿಗೆ ಬೀಳುವುದು ಒಂದೇ ಡಿಕಾಕ್ಷನ್. ಆದರೆ ಹೋಟೆಲುಗಳು ದಂಪತಿಗಳನ್ನು ಬರಮಾಡಿಕೊಂಡ ರೀತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಫಲಕವಿದ್ದ ಒಂದು ಮೂಲೆಯಿರುತ್ತಿತ್ತು. ಹೆಂಗಸರು ಜೊತೆಗಿದ್ದವರು ಅಲ್ಲಿ ಮಾಸಿದ ಪರದೆಯ ಹಿಂದೆ ಕೂತು, ಮಸಾಲೆದೋಸೆ ತಿನ್ನುವುದು ಪರರಿಗೆ ಕಾಣಬಾರದ ಗುಪ್ತಕಾರ್ಯವೋ ಎಂಬಂತೆ ತಿಂದು ಬರುತ್ತಿದ್ದರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ದರ್ಶಿನಿಗಳು, ಎಂದರೆ ಮೊದಲು ಹಣ ಕೊಟ್ಟು ಟೋಕನ್ ಪಡೆದು, ಕೌಂಟರಿನಲ್ಲಿ ತಾವೇ ತಿಂಡಿ ತೆಗೆದುಕೊಂಡು, ಎತ್ತರದ ಮೇಜಿನ ಸುತ್ತ ನಿಂತು ತಿನ್ನುವ ಉಪಾಹಾರ ಮಂದಿರಗಳು, ಪರದೆಯನ್ನೂ ಕುರ್ಚಿಯನ್ನೂ ಒಟ್ಟಿಗೇ ತೆಗೆದುಹಾಕಿದವು. ಗೃಹಸ್ಥನೊಬ್ಬ ತನ್ನ ಹೆಂಡತಿಯೊಡನೆ ಬೀದಿಯ ಅಂಚಿನಲ್ಲಿ, ಹಾಡಹಗಲು, ಸರಿಸಮನಾಗಿ ನಿಂತುಕೊಂಡು ಕಾಫಿ ಕುಡಿಯುವುದು ಆಗ ಸಾಧ್ಯವಾಯಿತು. ಇದಕ್ಕೆ ಸಾಮಾಜಿಕ ಕ್ರಾಂತಿ ಎಂಬ ಹೆಸರನ್ನು ಯಾರೂ ಕೊಟ್ಟಿಲ್ಲ. ಮಾಲೀಕರಿಗೆ ಬೇಕಾಗಿದ್ದುದು ಜಾಗದ ಉಳಿತಾಯ ಮಾತ್ರ.

ಸ್ಟೀಲ್ ಲೋಟದ ಪಾತ್ರವನ್ನಂತೂ ಯಾವ ಸಮಾಜಶಾಸ್ತ್ರಜ್ಞರೂ ಅಲಕ್ಷಿಸುವಂತಿಲ್ಲ. ಸ್ಟೀಲು ಬಿಸಿಯನ್ನು ಬೇಗ ಹೊರಗೆ ಹಾಯಿಸುವುದರಿಂದ ಅದನ್ನು ಅಂಚಿನಲ್ಲಿ ಹಿಡಿದು, ಕೈಯಿಂದ ಕೈಗೆ ಬದಲಾಯಿಸುತ್ತ, ಸೆರಗನ್ನೋ ಕರವಸ್ತ್ರವನ್ನೋ ಒತ್ತಾಗಿ ಬಳಸುತ್ತ ಕುಡಿಯಬೇಕಾಗುತ್ತದೆ. ಎರಡೂ ಕೈಗಳಿಗೆ ಕೆಲಸ ಬಿದ್ದ ಕಾರಣ ಮೊಬೈಲು ಜೇಬಿಗೋ ಬ್ಯಾಗಿಗೋ ಇಳಿಯುತ್ತದೆ. ಮೊಬೈಲು ಇಳಿದ ಕಾರಣ ಕಣ್ಣು ಮೇಲೇಳುತ್ತದೆ. ಎದ್ದ ಕಣ್ಣಿಗೆ ಎದುರು ನಿಂತವರ ಮುಖ ಕಾಣುತ್ತದೆ, ಹೊಸ ಕನ್ನಡಕ ಬಂದು ತಿಂಗಳಾಯಿತೆಂಬುದೂ ಆಗಲೇ ಗಮನಕ್ಕೆ ಬರುತ್ತದೆ. ಹಿಡಿಕೆಯಿರುವ ಪಿಂಗಾಣಿ ಕಪ್ಪು ಒಂದು ಕೈಯನ್ನು ಬಿಡುವಾಗಿ ಉಳಿಸಿ ಈ ಇಡೀ ಕಾರ್ಯಕಾರಣ ಸರಪಳಿಯನ್ನು ಹಾಳುಮಾಡುವುದರಿಂದ ದಾಂಪತ್ಯದ ದೃಷ್ಟಿಯಿಂದ ಅದು ವರ್ಜ್ಯ.

ಬೈಟುವಿನ ನಿಜವಾದ ಕಗ್ಗಂಟು ಇರುವುದು ಭಾಗದಲ್ಲಿ. ಎತ್ತರದಿಂದ ಸುರಿದ ಕಾಫಿಯಲ್ಲಿ ನೊರೆಯೇಳುವುದರಿಂದ ತುಂಬಿದಂತೆ ಕಾಣುವ ಲೋಟದಲ್ಲಿ ಕಾಫಿ ಕಡಿಮೆಯಿದ್ದು, ಸೊರಗಿದಂತೆ ಕಾಣುವ ಲೋಟದಲ್ಲಿ ಹೆಚ್ಚಿರುವುದು ಸಾಮಾನ್ಯ. ಇದು ತಿಳಿದ ಗಂಡ ನೊರೆಯ ಲೋಟವನ್ನು ಉದಾರವಾಗಿ ಹೆಂಡತಿಯತ್ತ ಸರಿಸುತ್ತಾನೆ. ಇದು ಮೊದಲೇ ತಿಳಿದಿರುವ ಹೆಂಡತಿ, ‘ನೀವೇ ತಗೊಳ್ಳಿ, ನಂಗೆ ಇಷ್ಟು ಸಾಕು’ ಎಂದು ಸೊರಗಿದ ಲೋಟವನ್ನು ತ್ಯಾಗದ ಮುಖಭಾವದೊಂದಿಗೆ ಎತ್ತಿಕೊಳ್ಳುತ್ತಾಳೆ. ಸಕ್ಕರೆ ಕಾಯಿಲೆಯುಳ್ಳವರು ಬೈಟುವಿಗೆ ಸೇರಿದರೆ ಸಮಸ್ಯೆ ಇನ್ನೂ ಜಟಿಲವಾಗುತ್ತದೆ, ಏಕೆಂದರೆ ಒಂದೇ ಕಾಫಿಯ ಅರ್ಧಕ್ಕೆ ಸಕ್ಕರೆ ಹಾಕಿ ಅರ್ಧಕ್ಕೆ ಬಿಡಿ ಎಂದು ಕೇಳಿದಾಗ ಕೌಂಟರಿನ ಹುಡುಗನ ಮುಖದಲ್ಲಿ ಮೂಡುವ ವೈರಾಗ್ಯ ಮಠಗಳಲ್ಲೂ ಅಪರೂಪ. ಇಂಥ ಸಂದರ್ಭದಲ್ಲಿ ಇಬ್ಬರೂ ಸಕ್ಕರೆಯಿಲ್ಲದ್ದನ್ನೇ ಕುಡಿಯುವುದು ರೂಢಿ. ಕಾಯಿಲೆಯಿಲ್ಲದವರು ಮೊದಲ ಗುಟುಕಿಗೆ ಮುಖ ಹಿಂಡಿ, ಎರಡನೆಯದಕ್ಕೆ ಹೊಂದಿಕೊಂಡು, ಮೂರನೆಯದಕ್ಕೆ ‘ಹೀಗೇ ಚೆನ್ನಾಗಿದೆ’ ಎಂದು ಸುಳ್ಳು ಹೇಳುತ್ತಾರೆ, ಎದುರಿನವರು ಅದನ್ನು ನಂಬಿದಂತೆ ತಲೆಯಾಡಿಸುತ್ತಾರೆ.

ಅರ್ಧ ಲೋಟ ಎಷ್ಟು ನಿಧಾನವಾಗಿ ಕುಡಿದರೂ ಐದು ನಿಮಿಷಕ್ಕೆ ಮುಗಿಯುತ್ತದೆ, ಮತ್ತು ಅಷ್ಟರಲ್ಲಿ ಮಾತು ಹೆಂಡತಿಯ ಅಕ್ಕನ ಮಗಳ ಮದುವೆಯ ನಡುಘಟ್ಟಕ್ಕೆ ಬಂದಿರುತ್ತದೆ. ಗಂಡ ಮರಳಿ ಕ್ಯಾಷ್ ಕೌಂಟರಿಗೆ ನಡೆದು ಇನ್ನೊಂದು ಬೈಟು ಹೇಳುತ್ತಾನೆ. ಎರಡು ಅರ್ಧಗಳು ಸೇರಿ ತಲಾ ಒಂದು ಪೂರ್ತಿಯಾಗುವುದರಿಂದ, ಮೊದಲೇ ಎರಡು ಕಾಫಿ ಹೇಳಿದ್ದರೂ ಖರ್ಚು ಇಷ್ಟೇ ಆಗುತ್ತಿತ್ತೆಂಬುದು ಯಾವ ಲೆಕ್ಕದಲ್ಲಾದರೂ ಸ್ಪಷ್ಟ. ಕ್ಯಾಷಿಯರಿಗೂ ಇದು ಗೊತ್ತು. ಆದರೆ ಅವನು ಏನನ್ನೂ ಕೇಳದೆ ಟೋಕನ್ ಹರಿದು ಕೊಡುತ್ತಾನೆ, ಚಿಲ್ಲರೆ ಇದೆಯೇ ಎಂಬುದೊಂದನ್ನು ಬಿಟ್ಟು.